ಹುಣಸೆಮರದ ಹಿಂದಿನ ಗಿರಣಿ

"ಶಾಲೆ ಮೆಟ್ಟಿಲು ಹತ್ತದವಳು ಬೋರ್ಡ್ ಬರೀತಾಳಂತೆ!" ಎಂದು ನಕ್ಕವರು ನಮ್ಮ ಭಾವ. ಬಸ್ಸಿನ ಬೋರ್ಡು ನೋಡಿಯೇ ಅಕ್ಷರ ಕಲಿತ ನಾನು, ಶಿಕಾರಿಪುರದಿಂದ ಬಣ್ಣದ ಡಬ್ಬಿ ಹೊತ್ತು ಕುಪ್ಪಗಡ್ಡೆಯ ಅಕ್ಕಿ ಗಿರಣಿಗೆ ಬೋರ್ಡ್ ಬರೆಯಲು ಹೋದೆ. ಗಿರಣಿ ಸಿಗದೆ ಮೂರು ಸಲ ಊರು ಸುತ್ತಿದೆ. ಕೊನೆಗೆ ಒಬ್ಬಜ್ಜಿ, "ಹುಣಸೆಮರದ ಹಿಂದೆ ಐತಲ್ಲವ್ವ," ಎಂದಳು.

ರಸ್ತೆ ಬದಿಯ ಬೋರ್ಡಿನ ತುಂಬ ತಮ್ಮ ತಂದೆಯ ಹೆಸರು ಬರೆಯಬೇಕೆಂದು ಗಿರಣಿಯ ಸಾಹುಕಾರರು ಹೇಳಿದ್ದರು. ನಾನು ಆ ಹೆಸರನ್ನು ಕೆಳಗೆ ಸಣ್ಣದಾಗಿ ಬರೆದು, ಮೇಲೆ ದೊಡ್ಡ ಹುಣಸೆಮರ ಬಿಡಿಸಿ, 'ಮರದ ಹಿಂದಿನ ಗಿರಣಿ' ಎಂದು ಬರೆದೆ.

ಸಾಹುಕಾರರು ಕೆಂಡವಾದರು. "ಅಳಿಸಮ್ಮ ಅದನ್ನ! ನಮ್ಮ ಗಿರಣಿ ಊರಿಗೆಲ್ಲ ಗೊತ್ತು. ಹೊರಗಿನವರು, ನಿಮಗೇನು ತಿಳೀತದೆ?"

"ಊರಿಗೆಲ್ಲ ಗೊತ್ತಿದ್ರೆ ಬೋರ್ಡ್ ಯಾಕ್ರೀ? ಅದನ್ನ ಓದೋರು ನನ್ನಂಥ ಹೊರಗಿನವರೇ."

ಅವರು ಮರವನ್ನೊಮ್ಮೆ, ಬೋರ್ಡನ್ನೊಮ್ಮೆ ನೋಡಿದರು. "ಆಯ್ತು, ಅಪ್ಪನ ಹೆಸರು ಸ್ವಲ್ಪ ದಪ್ಪ ಮಾಡಿ," ಎಂದರು. ಆಮೇಲೆ ಕುಪ್ಪಗಡ್ಡೆ, ಸೊರಬದ ಕಡೆಯ ಕೆಲಸವೆಲ್ಲ ನನ್ನನ್ನೇ ಹುಡುಕಿಕೊಂಡು ಬಂತು.

ಈಗ ಶಿಕಾರಿಪುರದಲ್ಲಿ ನನ್ನದೇ ಅಂಗಡಿ ಇದೆ, ಎರಡು ಏಣಿಗಳಿವೆ. ಅದಕ್ಕೆ ತೆತ್ತದ್ದು ಬಣ್ಣ ಹತ್ತಿ ಕೆಟ್ಟ ಸೀರೆಗಳು ಮತ್ತು ಮಾತು ಬಿಟ್ಟ ಭಾವ. ನನ್ನ ಅಂಗಡಿಗೆ ಮಾತ್ರ ಇನ್ನೂ ಬೋರ್ಡ್ ಹಾಕಿಲ್ಲ. ಊರಿಗೆಲ್ಲ ಗೊತ್ತಲ್ಲ!