ಬಿಡ್ತು ಅನ್ನಪ್ಪ

ಸ್ವಾತಂತ್ರ್ಯ ಬಂದ ಕೆಲವು ವರ್ಷಗಳ ಮೇಲೆ ನಾನು ಮೈಸೂರಿನ ಒಂದು ಖಾಸಗಿ ನೇಯ್ಗೆ ಕಾರ್ಖಾನೆಯಲ್ಲಿ ನೂಲು ತೂಗುವ ಕೆಲಸಕ್ಕೆ ಸೇರಿದೆ. ಆ ಕಾರ್ಖಾನೆ ಈಗಿಲ್ಲ. ನೂಲಿನ ಮೂಟೆಗಳನ್ನು ಮಗ್ಗಗಳಿದ್ದ ಮೇಲಂತಸ್ತಿಗೆ ಏರಿಸಲು ಒಂದು ಲಿಫ್ಟಿತ್ತು. ಅದನ್ನು ನಡೆಸುತ್ತಿದ್ದವನು ಹೂಟಗಳ್ಳಿ ಕಡೆಯ ಒಕ್ಕಲು ಮನೆಯವನು, ನನ್ನ ವಯಸ್ಸಿನವನೇ. ಮೂಟೆಗಳ ಜೊತೆ ಅವನೂ ಏರಬೇಕು, ಅವನೂ ಇಳಿಯಬೇಕು.

ಲಿಫ್ಟಿನ ಉಕ್ಕಿನ ಹಗ್ಗದಲ್ಲಿ ತಂತಿಯ ಎಳೆಗಳು ಕಡಿದುಹೋಗುತ್ತಿದ್ದವು. ಕಡಿದ ಎಳೆಯ ತುದಿ ಮುಳ್ಳಿನಂತೆ ಹೊರಗೆ ಚಾಚಿಕೊಳ್ಳುತ್ತಿತ್ತು. ಗಾಳಿಯಲ್ಲಿ ಹಾರುವ ಹತ್ತಿ ಅದಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಹಗ್ಗದ ಮೇಲೆ ಎಲ್ಲಿ ಬಿಳಿ ಕಂಡರೆ ಅಲ್ಲಿ ಒಂದೆಳೆ ಹೋಗಿದೆ ಎಂದು ಅರ್ಥ. ಕೆಳಗೆ ನಿಂತ ನಮಗೆಲ್ಲ ಅದು ಕಾಣುತ್ತಿತ್ತು.

ಮೇಸ್ತ್ರಿಗೆ ಹೇಳಬಹುದಿತ್ತು. ಆದರೆ ನಮ್ಮಲ್ಲಿ ಹೆಚ್ಚಿನವರನ್ನು ಕೆಲಸಕ್ಕೆ ಸೇರಿಸಿದವರು ಅವರೇ. ಅವರ ಉಸ್ತುವಾರಿಯ ಯಂತ್ರ ಕೆಟ್ಟಿದೆ ಎನ್ನುವುದು ಅವರ ಮನೆಯಲ್ಲಿ ಉಂಡು ಅಡುಗೆ ಹಳಸಿದೆ ಎಂದ ಹಾಗೆ. ಧಣಿಗಳು ಯಾದವಗಿರಿಯ ಬಂಗಲೆಯಿಂದ ಆಫೀಸಿಗೆ ಬಂದು ಹಾಗೇ ಹಿಂತಿರುಗುತ್ತಿದ್ದರು. ಲಿಫ್ಟಿನ ಹತ್ತಿರ ಬಂದು ನಿಲ್ಲುತ್ತಿದ್ದುದು ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ.

ಆ ವರ್ಷವೂ ಬಂದರು, ತಾಯಿಯವರೊಡನೆ. ಹಗ್ಗಕ್ಕೆ ಅಂಟಿದ್ದ ಹತ್ತಿಯನ್ನು ಹಿಂದಿನ ದಿನವೇ ಬಿಡಿಸಿ ಒರೆಸಿದ್ದೆವು. ಮೇಲೆ ವಿಭೂತಿ, ಕುಂಕುಮ, ಸೇವಂತಿಗೆ ಹಾರ. ಕುಂಬಳಕಾಯಿ ಒಡೆದಾದ ಮೇಲೆ ಧಣಿಗಳು ಲಿಫ್ಟಿನವನನ್ನು ಕೇಳಿದರು:

"ಎಲ್ಲಾ ಚೆನ್ನಾಗಿ ನಡೀತಿದೆಯೇನಪ್ಪ?"

"ಹಗ್ಗ ಸವೆದೋಗದೆ ಬುದ್ಧಿ. ಹಿಂಗೇ ಬುಟ್ರೆ ಒಂದಿನ ನನ್ನೂ ಸೇರಿಸ್ಕೊಂಡು ಬಿದ್ದೋಯ್ತದೆ."

ಧಣಿಗಳು ಮೇಲೆ ನೋಡಿದರು. ಅಲ್ಲಿ ಹೂವಿತ್ತು. ಕಡ್ಲೆಪುರಿ ಹಂಚುತ್ತಿದ್ದ ಅವರ ತಾಯಿ ಕೈ ನಿಲ್ಲಿಸಿದರು.

"ಬಿಡ್ತು ಅನ್ನಪ್ಪ. ಹಬ್ಬದ ದಿನ ಅಂಥ ಮಾತು ಆಡ್ತಾರೆಯೇ? ಬಿಡ್ತು ಅನ್ನು."

ಅದರಲ್ಲಿ ಗದರಿಕೆ ಇರಲಿಲ್ಲ. ತಮ್ಮ ಮಗನಿಗಾದರೂ ಹಾಗೇ ಹೇಳುತ್ತಿದ್ದರು.

"ಬುಡ್ತು ಕಣವ್ವ" ಎಂದು ಅವನು ಕೈಯೊಡ್ಡಿದ. ಅವರು ಇನ್ನೊಂದು ಹಿಡಿ ಹೆಚ್ಚಿಗೆ ಹಾಕಿದರು.

ಅವರು ಅತ್ತ ಹೋದ ಮೇಲೆ ಮೇಸ್ತ್ರಿ, "ಏನಯ್ಯ, ನಾಲಿಗೆಗೂ ಗ್ರೀಸು ಹಚ್ಕೊಂಡಿದ್ದೀಯಾ?" ಎಂದರು.

"ಹಗ್ಗಕ್ಕೆ ಹಚ್ಚಿದ್ರೆ ನಾಲಿಗೆಗೆ ಎಲ್ಲಿ ಮಿಗ್ತಿತ್ತು ಮೇಸ್ತ್ರಿಗಳೇ?"

ಎಲ್ಲರೂ ನಕ್ಕೆವು. ಆಮೇಲೆ ಹಗ್ಗದ ಮಾತನ್ನು ಅವನೂ ಎತ್ತಲಿಲ್ಲ. ಬಿಡ್ತು ಅಂದ ಮಾತನ್ನು ಮತ್ತೆ ಆಡಿದರೆ ಬೇಕೆಂದೇ ಕೇಡು ಕರೆದ ಹಾಗೆ.

ದೀಪಾವಳಿ ಕಳೆದು ಒಂದು ಬೆಳಿಗ್ಗೆ ಹಗ್ಗ ಹರಿಯಿತು. ನಾನು ತಕ್ಕಡಿಯ ಬಳಿ ಇದ್ದೆ. ಮೊದಲು ಮೇಲೆಲ್ಲೋ ಚಾವಟಿ ಬೀಸಿದಂಥ ಸದ್ದು. ಲಿಫ್ಟು ಬಿದ್ದ ಸದ್ದು ಆಮೇಲೆ. ಮೂಟೆಗಳನ್ನು ಒಂದೊಂದಾಗಿ ತೆಗೆದೆವು. ಅವನು ಅಡಿಯಲ್ಲಿದ್ದ. ಉಸಿರಿರಲಿಲ್ಲ. ಮೂಟೆಗಳ ಮೇಲೆ ಹಾರದ ಒಣಗಿದ ಎಸಳುಗಳು ಉದುರಿದ್ದವು.

ವಿಚಾರಣೆಗೆ ಬಂದ ಅಧಿಕಾರಿ, ಹಗ್ಗದ ಬಗ್ಗೆ ಮೊದಲೇ ಯಾರಾದರೂ ಹೇಳಿದ್ದರೇ ಎಂದು ಕೇಳಿದರು. ಅವನೇ ಹೇಳಿದ್ದ ಎಂದೆ. ಆಡಿದ ಮಾತನ್ನೂ ಹೇಳಿದೆ.

"ಅದಕ್ಕೆ ಏನಂದ್ರು?"

"ದೊಡ್ಡಮ್ಮನವರು ಬಿಡ್ತು ಅನ್ನು ಅಂದ್ರು."

"ಅವನು?"

"ಅಂದ."

ಅಧಿಕಾರಿ ಮೈಸೂರಿನವರೇ. ನಿಧಾನವಾಗಿ ತಲೆದೂಗಿದರು. "ಹಬ್ಬದ ದಿನ ಇನ್ನೇನ್ರೀ ಅನ್ನಕ್ಕಾಗುತ್ತೆ" ಎಂದು ಮುಂದಿನವರನ್ನು ಕರೆಸಿದರು.

ಹೊಸ ಹಗ್ಗ ಬಂತು. ಲಿಫ್ಟಿಗೆ ಹೊಸಬನೊಬ್ಬ ಬಂದ. ಕೆಲವು ಆಯುಧಪೂಜೆಗಳು ಕಳೆದವು. ಒಂದು ವರ್ಷ ಆ ತಾಯಿ, ಸೊಸೆಯ ಭುಜ ಹಿಡಿದು ಬಂದು, ಆ ಹೊಸಬನನ್ನು ಕೇಳಿದರು: "ಎಲ್ಲಾ ಚೆನ್ನಾಗಿದೆಯೇನಪ್ಪ?"

ಅವನು ಒಂದು ಗಳಿಗೆ ನನ್ನ ಕಡೆ ನೋಡಿದ. ನಾನು ಮೇಲಿನ ಹೂವಿನ ಹಾರ ನೋಡಿದೆ.

"ಚೆನ್ನಾಗದೆ ಕಣವ್ವ" ಎಂದು ಕೈಯೊಡ್ಡಿದ. ಹಿಂದಿನ ದಿನ ಹಗ್ಗಕ್ಕೆ ಅಲ್ಲಲ್ಲಿ ಸಿಕ್ಕಿಕೊಂಡಿದ್ದ ಬಿಳಿ ಹತ್ತಿಯನ್ನು ಬಿಡಿಸಿದ್ದವನು ಅವನೇ.