ಚೀಟಿ ಬರೆದವರು ಚಹಾಕ್ಕೆ ಹೋಗಬೇಕು

ಮೂರು ದಿನದ ತರಬೇತಿಗೆ ಹೊರಟವಳಿಗೆ ರೇಷ್ಮೆ ರವಿಕೆ ಯಾಕೆ ಎಂದು ನೀವು ಕೇಳಬಹುದು. ನಮ್ಮ ಮನೆಯವರೂ ಕೇಳಿದರು. ಕೊನೆಯ ದಿನ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಫೋಟೊ ತೆಗೆಯುತ್ತಾರೆ, ಅದು ನಮ್ಮ ಪಾಲಿಟೆಕ್ನಿಕ್ಕಿನ ಗೋಡೆಯ ಮೇಲೆ ನಾನು ನಿವೃತ್ತಳಾಗುವವರೆಗೂ ತೂಗಾಡುತ್ತದೆ ಎಂಬ ಗುಟ್ಟನ್ನು ನಾನು ಅವರಿಗೆ ಬಿಟ್ಟುಕೊಡಲಿಲ್ಲ. ಬೀರುವಿನ ಕೆಳಗಿನ ಖಾನೆಗೆ ಕೈ ಹಾಕಿ ಹಸಿರು ರವಿಕೆಯನ್ನು ಎಳೆದೆ. ಗುಂಡುಪಿನ್ನು ಬೆರಳಿಗೆ ಚುಚ್ಚಿತು. ಪಿನ್ನಿನಲ್ಲಿ ಒಂದು ಚೀಟಿ, ಚೀಟಿಯ ಮೂಲೆಯಲ್ಲಿ ಒಂದು ಕಲೆ. ಮೂಗಿನ ಹತ್ತಿರ ಹಿಡಿದರೆ ನುಸಿಗುಳಿಗೆಯ ಘಾಟಿನ ನಡುವೆಯೂ ಹೊಲಿಗೆ ಯಂತ್ರದ ಎಣ್ಣೆಯ ವಾಸನೆ ಇನ್ನೂ ಇತ್ತು.

ಚೀಟಿಯಲ್ಲಿ ಹೀಗಿದೆ: "ಸೂಜಿ ಹನ್ನೊಂದನೇ ನಂಬರ್. ದಾರ ತಾಮ್ರದ ಬಣ್ಣ, ಹಳದಿ ಅಲ್ಲ. ಕೆಳಗೆ ಬಕ್ರಮ್ ಎರಡು ಪದರ. ನಿಧಾನ ಓಡಿಸು. ನವಿಲಿನ ಕಣ್ಣು ಕೊನೆಗೆ." ಈ ರವಿಕೆಯನ್ನು ತೊಟ್ಟು ಬಿಚ್ಚಿದಾಗಲೆಲ್ಲ ಚೀಟಿಯನ್ನು ಮತ್ತೆ ಇದಕ್ಕೇ ಚುಚ್ಚಿಡುತ್ತೇನೆ. ಚೀಟಿಯನ್ನು ಯಾಕೆ ಸಾಕುತ್ತೀ ಎಂದು ಮನೆಯಲ್ಲಿ ಯಾರೂ ಕೇಳುವುದಿಲ್ಲ, ನನ್ನ ವಿಚಿತ್ರಗಳ ಪಟ್ಟಿಯಲ್ಲಿ ಇದು ಬಹಳ ಕೆಳಗಿದೆ. ನೀವು ಹೊಸಬರು, ನಿಮಗೆ ಹೇಳಬಹುದು.

ಕೆಲವು ವರ್ಷಗಳ ಹಿಂದೆ ಲೋಕಿಕೆರೆಯಲ್ಲಿ ನಮ್ಮ ಚಿಕ್ಕಪ್ಪನ ಮಗಳ ಮದುವೆ. ರವಿಕೆಗೆ ಕಂಪ್ಯೂಟರ್ ಎಂಬ್ರಾಯ್ಡರಿ ಹಾಕಿಸಬೇಕೆಂದು ಹರಿಹರದ ಪೇಟೆಯ ಗಲ್ಲಿಯೊಂದರಲ್ಲಿದ್ದ ಖಲೀಲ್ ಭಾಯ್ ಅಂಗಡಿಗೆ ಹೋದೆ. ನಾನಿರುವ ದಾವಣಗೆರೆಯಲ್ಲಿ ಅಂಥ ಅಂಗಡಿ ಇರಲಿಲ್ಲವೇ ಎಂದರೆ ಬೇಕಾದಷ್ಟು ಇದ್ದವು. ಆದರೆ ನನ್ನ ಸಹೋದ್ಯೋಗಿಯೊಬ್ಬಳು ತೊಟ್ಟು ಬಂದ ರವಿಕೆಯ ಬೆನ್ನ ಮೇಲಿನ ಬಳ್ಳಿ ಹರಿಹರದ್ದು ಎಂದು ತಿಳಿದ ಮೇಲೆ ನನಗೆ ಬೇರೆ ಯಾವುದೂ ಹಿಡಿಸಲಿಲ್ಲ. ಹೋದರೆ ಅಂಗಡಿ ತೆರೆದಿದೆ, ಯಂತ್ರ ಸುಮ್ಮನೆ ನಿಂತಿದೆ, ಭಾಯ್ ತಲೆಯ ಮೇಲೆ ಕೈ ಹೊತ್ತು ಕೂತಿದ್ದಾರೆ.

"ಮಶೀನ್ ಚೆನ್ನಾಗೈತೆ ಮೇಡಂ, ಅದರ ತಲೆ ಕೆಟ್ಟೈತೆ," ಎಂದು ಮೂಲೆಯಲ್ಲಿದ್ದ ಕಂಪ್ಯೂಟರ್ ತೋರಿಸಿದರು. ಡಿಸೈನ್ ಬರೆದು ಹೊಲಿಗೆಯಾಗಿ ಬದಲಿಸುವುದು ಆ ಕಂಪ್ಯೂಟರಿನ ಕೆಲಸ. ಅದು ಮಾಡಿಕೊಟ್ಟ ಫೈಲನ್ನು ಪೆನ್‌ಡ್ರೈವಿನಲ್ಲಿ ಒಯ್ದು ಯಂತ್ರಕ್ಕೆ ಕೊಟ್ಟರೆ ಮಾತ್ರ ಸೂಜಿ ಓಡುತ್ತದೆ.

ಪಾಲಿಟೆಕ್ನಿಕ್ಕಿನ ಕಂಪ್ಯೂಟರ್ ಲ್ಯಾಬಿನಲ್ಲಿ ಇಪ್ಪತ್ತು ವರ್ಷದಿಂದ ಹಳೆಯ ಪೆಟ್ಟಿಗೆಗಳಿಗೆ ಜೀವ ತುಂಬುತ್ತ ಬಂದವಳು ನಾನು. ಕೆಟ್ಟ ಕಂಪ್ಯೂಟರ್ ಕಂಡರೆ ಸುಮ್ಮನಿರಲಾರೆ. ಮೂಗು ತೂರಿಸಿದೆ. ಎರಡು ಭಾನುವಾರ ಕೂತು ಅದಕ್ಕೆ ಕಂಪ್ಯೂಟರನ್ನೇ ನಡೆಸುವ ಲಿನಕ್ಸ್ ಎಂಬ ವ್ಯವಸ್ಥೆ ಹಾಕಿ, ಎಂಬ್ರಾಯ್ಡರಿ ಮಾಡುವ ಉಚಿತ ತಂತ್ರಾಂಶವೊಂದನ್ನು ಕೂರಿಸಿಕೊಟ್ಟೆ.

ಇಲ್ಲಿ ಕಂಪ್ಯೂಟರಿನ ಬಗ್ಗೆ ನಾಲ್ಕು ಮಾತು ಹೇಳಲೇಬೇಕು, ಹೆದರಬೇಡಿ. ಲಿನಕ್ಸನ್ನು ಜನರ ಕೈಗೆ ತಲುಪಿಸಲು ಲೋಕದ ಮೂಲೆಮೂಲೆಯ ಜನ ಗುಂಪು ಕಟ್ಟಿಕೊಂಡು, ಸಾವಿರಾರು ತಂತ್ರಾಂಶಗಳನ್ನು ಒಂದು ದೊಡ್ಡ ಉಗ್ರಾಣದಲ್ಲಿ ಜೋಡಿಸಿಟ್ಟಿರುತ್ತಾರೆ. ಅಲ್ಲಿರುವ ಒಂದೊಂದು ಪೊಟ್ಟಣಕ್ಕೂ ಒಂದು ಚೀಟಿ ಇರುತ್ತದೆ: ಇದನ್ನು ಕಟ್ಟುವುದು ಹೇಗೆ, ಕಟ್ಟಲು ಏನೇನು ಬೇಕು, ಕಟ್ಟಿದ ಮೇಲೆ ನಡೆಸಲು ಜೊತೆಯಲ್ಲಿ ಏನೇನು ಇರಬೇಕು. ಚೀಟಿ ಸರಿಯಿದ್ದರೆ ಯಾವ ಊರಿನ ಯಾವ ಕಂಪ್ಯೂಟರಿನಲ್ಲಾದರೂ ಕೇಳಿದ ತಕ್ಷಣ ಅದು ಬಂದು ಕೂರುತ್ತದೆ. ಈ ಚೀಟಿ ಬರೆಯುವುದನ್ನೇ ನಮ್ಮ ಬಳಗದಲ್ಲಿ ಪ್ಯಾಕೇಜ್ ಮಾಡುವುದು ಎನ್ನುತ್ತೇವೆ.

ಭಾಯ್‌ಗೆ ಬೇಕಾದದ್ದು ಉಗ್ರಾಣದಲ್ಲಿ ಇರಲಿಲ್ಲ. ನಾನು ಅದರ ಮೂಲ ಕೋಡನ್ನು ತಂದು, ಅವರ ಕಂಪ್ಯೂಟರಿನಲ್ಲೇ ಕೈಯಾರೆ ಕಟ್ಟಿಕೊಟ್ಟೆ. ಚೀಟಿ ಗೀಟಿ ಏನೂ ಇಲ್ಲ, ಎಲ್ಲ ನನ್ನ ತಲೆಯಲ್ಲಿ. ಅದರ ಫಲ ಏನೆಂದರೆ, ಕಂಪ್ಯೂಟರ್ ತನ್ನನ್ನು ತಾನು ಹೊಸದು ಮಾಡಿಕೊಂಡಾಗಲೆಲ್ಲ ನಾನು ಕಟ್ಟಿದ್ದು ಕಳಚಿ ಬೀಳುತ್ತಿತ್ತು. ಹರಿಹರದಿಂದ ಫೋನ್ ಬರುತ್ತಿತ್ತು. ನಾನು ನಿಜಲಿಂಗಪ್ಪ ಬಡಾವಣೆಯಿಂದ ಆಟೊ, ಅಲ್ಲಿಂದ ಬಸ್ಸು ಹಿಡಿದು ಹೋಗಿ, ಕಪ್ಪು ಪರದೆಯ ಮೇಲೆ ನಾಲ್ಕು ಸಾಲು ಟಪಟಪನೆ ಕುಟ್ಟಿ, ಎಲ್ಲರ ಕಣ್ಣರಳಿಸಿ, ಖಲೀಲ್ ಭಾಯ್ ಹೆಂಡತಿ ಮೆಹರುನ್ ಕೊಟ್ಟ ಚಹಾ ಕುಡಿದು ವಾಪಸು ಬರುತ್ತಿದ್ದೆ. ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ನನ್ನಷ್ಟಕ್ಕೆ ನಗುತ್ತಿದ್ದೆ. ಲ್ಯಾಬಿನಲ್ಲಿ ಯಾರೂ ನನ್ನನ್ನು ಹಾಗೆ ನೋಡುತ್ತಿರಲಿಲ್ಲ.

ಆ ಅಂಗಡಿಗೆ ಒಂದು ಪದ್ಧತಿ ಇತ್ತು. ಬೆಳಗ್ಗೆ ಭಾಯ್ ಡಿಸೈನ್ ಮಾಡಿ, ಬಟ್ಟೆಗೆ ಚೀಟಿ ಚುಚ್ಚಿ, ಮಧ್ಯಾಹ್ನ ಸಿದ್ಧವಾದ ಬಟ್ಟೆಗಳನ್ನು ಟೈಲರುಗಳಿಗೆ ತಲುಪಿಸಲು ಹೋಗುತ್ತಿದ್ದರು. ಮನೆಗೆಲಸ ಮುಗಿಸಿ ಬಂದ ಮೆಹರುನ್ ಆ ಚೀಟಿ ನೋಡಿಕೊಂಡು ಯಂತ್ರ ನಡೆಸುತ್ತಿದ್ದಳು. ಹೊಸ ಡಿಸೈನ್ ಆದರೆ ಮೊದಲು ಹಳೆ ಬಟ್ಟೆಯ ತುಂಡಿನ ಮೇಲೆ ಪರೀಕ್ಷೆ. ಆ ಪರೀಕ್ಷೆ ನಡೆಯುವಾಗ ಚೀಟಿ ಬರೆದವರು ಅಂಗಡಿಯಲ್ಲಿ ಇರುವಂತಿಲ್ಲ. ಭಾಯ್ ಫೋನನ್ನು ಮೇಜಿನ ಮೇಲಿಟ್ಟು ಚಹಾಕ್ಕೆ ಹೋಗಿಬಿಡುತ್ತಿದ್ದರು. "ನಾನಿದ್ರೆ ಬಾಯಿ ಸುಮ್ನಿರಲ್ಲ ಮೇಡಂ, ನಡುವೆ ಹೇಳಿಬಿಡ್ತೀನಿ. ಹೇಳಿದ್ರೆ ಚೀಟಿ ಪಾಸಾಯ್ತೋ, ನಾನು ಪಾಸಾದೆನೋ ಗೊತ್ತಾಗಲ್ಲ."

ಒಮ್ಮೆ ನಾನು ಅಲ್ಲೇ ಇದ್ದಾಗ ಭಾಯ್ ಚಹಾ ಮುಗಿಸಿ ಬಂದರೆ, ಬಟ್ಟೆ ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಸುರುಟಿಕೊಂಡಿತ್ತು.

"ಬಟ್ಟೆ ಬಿಗಿಯಾಗಿ ನಿಲ್ಲಾಕೆ ಕೆಳಗೆ ಬಕ್ರಮ್ ಇಡಬೇಕು ಅಂತ ಗೊತ್ತಿಲ್ಲೇನು ನಿಂಗೆ?" ಎಂದು ಭಾಯ್ ಕೂಗಾಡಿದರು.

"ನಂಗೆ ಗೊತ್ತೈತೆ," ಎಂದಳು ಮೆಹರುನ್. "ಚೀಟಿಗೆ ಗೊತ್ತಿಲ್ಲ."

ನಾನು ನಕ್ಕಿದ್ದೇ ನಕ್ಕಿದ್ದು. ಆ ನಗು ಮುಂದೆ ನನ್ನ ಮೇಲೇ ತಿರುಗುತ್ತದೆ ಎಂದು ಆಗ ಅನ್ನಿಸಿರಲಿಲ್ಲ.

ಮರುವರ್ಷ ಹಜ್‌ಗೆ ಹೋಗುವವರ ಪಟ್ಟಿಯಲ್ಲಿ ಭಾಯ್ ಮತ್ತು ಅವರ ತಾಯಿಯ ಹೆಸರು ಬಂತು. ಸುದ್ದಿ ಹೇಳಲು ಭಾಯ್ ಫೋನ್ ಮಾಡಲಿಲ್ಲ, ಲಾಡು ಹಿಡಿದು ನಮ್ಮ ಮನೆಗೇ ಬಂದರು. ಲಾಡು ತಿಂದು ಮುಗಿಯುವ ಹೊತ್ತಿಗೆ ಮುಖ ಸಣ್ಣಗಾಯಿತು. "ಅಮ್ಮೀಗೆ ಮೊಣಕಾಲು ನೋವು. ಈ ಸಲ ಬಿಟ್ರೆ ಇನ್ನ ಆಗಲ್ಲ. ಆದ್ರೆ ಸರಿಯಾಗಿ ಮದುವೆ ಸೀಸನ್ ಮೇಡಂ. ನಲ್ವತ್ತು ದಿನ ಮೆಹರುನ್ ಒಬ್ಳೇ. ಒಪ್ಕೊಂಡಿರೋ ಬಟ್ಟೆ ಅಷ್ಟಿದಾವೆ, ನಡುವೆ ಈ ಕಂಪ್ಯೂಟರ್ ಕೈ ಕೊಟ್ರೆ?"

"ನಾನಿಲ್ವೇನ್ರಿ ಭಾಯ್? ಫೋನ್ ಮಾಡಿದ್ರೆ ಒಂದು ತಾಸಿನಾಗೆ ಅಲ್ಲಿರ್ತೀನಿ," ಎಂದೆ, ಎದೆಯುಬ್ಬಿಸಿ.

ಭಾಯ್ ಗಡ್ಡ ಕೆರೆದುಕೊಂಡರು. "ನೀವು ಬರ್ತೀರಿ, ಅದ್ರಾಗ ಡೌಟಿಲ್ಲ. ತಪ್ಪು ತಿಳೀಬ್ಯಾಡ್ರಿ, ನೀವು ಬರದೇ ಇದ್ರೂ ಅದು ನಡೀಬೇಕು. ಅಲ್ಲಿ ನಿಂತು ದುವಾ ಮಾಡುವಾಗ ನನ್ನ ತಲೇಲಿ ಕಂಪ್ಯೂಟರ್ ಇರಬಾರ್ದು."

ಅವರು ಕೇಳಿದ್ದು ನ್ಯಾಯವಾಗಿತ್ತು. ಆದರೂ ಒಂದು ಕಡೆ ಚುರ್ ಎಂದಿತು, ಸುಳ್ಳು ಹೇಳುವುದಿಲ್ಲ.

ಮರುದಿನದಿಂದ ಪ್ಯಾಕೇಜ್ ಮಾಡಲು ಕೂತೆ. ಉಗ್ರಾಣದವರ ನಿಯಮ ಬಲು ಕಟ್ಟುನಿಟ್ಟು. ಪೊಟ್ಟಣ ಕಟ್ಟುವಾಗ ಕಂಪ್ಯೂಟರಿನೊಳಗೆ ಪ್ರತಿ ಸಲವೂ ಹೊಸದಾಗಿ ಒಂದು ಖಾಲಿ ಕೋಣೆ ಮಾಡುತ್ತಾರೆ. ಅದರಲ್ಲಿ ಇಂಟರ್ನೆಟ್ ಕೂಡ ಇಲ್ಲ, ಕೇಳಲು ಯಾರೂ ಇಲ್ಲ. ಚೀಟಿಯಲ್ಲಿ ಬರೆದದ್ದನ್ನು ಮಾತ್ರ ಒಳಗೆ ಕೊಡುತ್ತಾರೆ. ಕೆಲಸವಾದ ಮೇಲೆ ಕೋಣೆಯನ್ನೇ ಕೆಡವಿಬಿಡುತ್ತಾರೆ. ನನ್ನ ಕೋಣೆ ಮೊದಲ ಸಲ ಇದಿಲ್ಲ ಎಂದಿತು. ಇದನ್ನು ಬರೆದರೆ ಅದಿಲ್ಲ ಎಂದಿತು. ಫ್ಯಾನಿನ ಸದ್ದು ಕೇಳಿ ನಮ್ಮ ಮನೆಯವರು, "ಒಳಗೇನು ಹಿಟ್ಟಿನ ಗಿರಣಿ ಹಾಕೀಯೇನು?" ಎಂದು ವಿಚಾರಿಸಿಕೊಂಡರು. ಹತ್ತು ಹನ್ನೆರಡು ಸಲ ಮುಗ್ಗರಿಸಿದ ಮೇಲೆ ಒಂದು ಸಂಜೆ ಪೊಟ್ಟಣ ಕಟ್ಟಿ ಮುಗಿಯಿತು. ನನ್ನ ಕಂಪ್ಯೂಟರಿನಲ್ಲಿ ಹಾಕಿದೆ, ಬಳ್ಳಿ ಬರೆದೆ, ಹೊಲಿಗೆಯ ಫೈಲ್ ಬಂತು. ಗೆದ್ದೆ ಎಂದುಕೊಂಡು ಪೊಟ್ಟಣವನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹರಿಹರಕ್ಕೆ ಹೊರಟೆ.

ಅಂಗಡಿಯ ಕಂಪ್ಯೂಟರನ್ನು ಪೂರ್ತಿ ಅಳಿಸಿ ಲಿನಕ್ಸನ್ನು ಹೊಸದಾಗಿ ಹಾಕಿದೆ. ಮೆಹರುನ್ ಮಾಡಬೇಕಾದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂರಲು ಹೋದರೆ ಭಾಯ್ ಬಾಗಿಲಲ್ಲಿ ನಿಂತಿದ್ದಾರೆ.

"ಫೋನ್ ಇಲ್ಲಿಡ್ರಿ ಮೇಡಂ. ಚಾ ಕುಡದು ಬರಾಣ."

ಪೇಟೆಯ ಮೂಲೆಯ ಹೋಟೆಲಿನಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಚಹಾ ಬಂದವು. ಭಾಯ್ ನೆಮ್ಮದಿಯಾಗಿ ಮೆಣಸಿನಕಾಯಿ ಮುರಿಯುತ್ತ, ತಾಯಿಗೆ ಗಾಲಿಕುರ್ಚಿ ಸಿಗುತ್ತದಂತೆ ಎಂಬುದನ್ನೆಲ್ಲ ಹೇಳುತ್ತಿದ್ದರು. ನನಗೆ ಒಂದೂ ತಲೆಗೆ ಹೋಗಲಿಲ್ಲ. ಪರೀಕ್ಷೆಯ ಕೋಣೆಯ ಹೊರಗೆ ನಿಂತ ತಾಯಂದಿರನ್ನು ನೋಡಿ ಎಷ್ಟು ಸಲ ನಕ್ಕಿದ್ದೆನೋ, ಅವೆಲ್ಲ ನೆನಪಾದವು. ಭಾಯ್ ಎರಡನೇ ಚಹಾ ಹೇಳಿದಾಗ ನಾನು ಎದ್ದೇಬಿಟ್ಟೆ.

ಗಲ್ಲಿಯ ತುದಿಗೆ ಬಂದರೂ ಯಂತ್ರದ ಸದ್ದು ಕೇಳಲಿಲ್ಲ. ಮೆಹರುನ್ ಒಂದು ಕಾಗದ ಹಿಡಿದು ಕೂತಿದ್ದಳು. "ಚಿತ್ರ ಬಂತಕ್ಕ, ಬಣ್ಣನೂ ಬಂತು. ಮಶೀನಿಗೆ ಕೊಡೋ ಫೈಲ್ ಮಾಡು ಅಂದ್ರೆ ಇದು ಬಂತು." ಪರದೆಯ ಮೇಲೆ ಬಂದ ಇಂಗ್ಲಿಷ್ ತಕರಾರನ್ನು ಒಂದಕ್ಷರ ಬಿಡದೆ ಬರೆದಿಟ್ಟಿದ್ದಳು.

ಓದಿದ ಕೂಡಲೇ ಗೊತ್ತಾಯಿತು. ಡಿಸೈನನ್ನು ಯಂತ್ರಕ್ಕೆ ತಿಳಿಯುವ ಹಾಗೆ ಬರೆದುಕೊಡುವ ಪುಟ್ಟ ತುಣುಕೊಂದು ಬೇರೆಯಾಗಿ ಬೇಕು. ನನ್ನ ಮನೆಯ ಕಂಪ್ಯೂಟರಿನಲ್ಲಿ ಅದು ಯಾವ ಕಾಲದಿಂದಲೋ ಇತ್ತು, ಅದಕ್ಕೇ ಅಲ್ಲಿ ಎಲ್ಲ ನಡೆದಿತ್ತು. ಕಟ್ಟಲು ಅದು ಬೇಕಿಲ್ಲ, ಹಾಗಾಗಿ ಖಾಲಿ ಕೋಣೆಯೂ ಕೇಳಿರಲಿಲ್ಲ. ನಡೆಸಲು ಬೇಕು. ಅದನ್ನು ನಾನು ಪೊಟ್ಟಣದ ಚೀಟಿಯಲ್ಲಿ ಬರೆದಿರಲಿಲ್ಲ.

"ಅಯ್ಯ, ಇಷ್ಟೇನಾ! ಎರಡು ನಿಮಿಷ, ಈಗ್ಲೇ ಹಾಕ್ತೀನಿ," ಎಂದು ಕೀಬೋರ್ಡಿಗೆ ಕೈ ಚಾಚಿದೆ.

ಮೆಹರುನ್ ನನ್ನ ಕೈ ಮೇಲೆ ತನ್ನ ಕೈ ಇಟ್ಟಳು. ಮೆತ್ತಗೇ ಇಟ್ಟಳು, ಆದರೆ ತೆಗೆಯಲಿಲ್ಲ. "ಇಲ್ಲಿ ಹಾಕಬ್ಯಾಡ್ರಿ ಅಕ್ಕ. ಚೀಟೀಲಿ ಹಾಕ್ರಿ."

ಕೈ ಹಿಂದಕ್ಕೆ ತೆಗೆದುಕೊಂಡೆ. ಅಲ್ಲಿ ಹಾಕಿಬಿಟ್ಟಿದ್ದರೆ ಆವತ್ತು ಯಂತ್ರ ಓಡುತ್ತಿತ್ತು, ಎಲ್ಲರೂ ಕಣ್ಣರಳಿಸುತ್ತಿದ್ದರು, ಮುಂದೆ ಕಂಪ್ಯೂಟರ್ ಬದಲಾದ ದಿನ ಮತ್ತೆ ನನಗೇ ಫೋನ್ ಬರುತ್ತಿತ್ತು. ನನಗೆ ಬೇಕಾಗಿದ್ದದ್ದು ಅದೇ. ಅದನ್ನು ಒಪ್ಪಿಕೊಳ್ಳಲು ನನಗೆ ಹರಿಹರದಿಂದ ದಾವಣಗೆರೆಯವರೆಗಿನ ಬಸ್ ಪ್ರಯಾಣ ಪೂರ್ತಿ ಬೇಕಾಯಿತು.

ಮರುದಿನ ಚೀಟಿಗೆ ಒಂದು ಸಾಲು ಸೇರಿಸಿ, ಮತ್ತೆ ಕಟ್ಟಿದೆ. ಮತ್ತೆ ಹರಿಹರ, ಮತ್ತೆ ಎಲ್ಲ ಅಳಿಸಿ ಹೊಸದಾಗಿ ಶುರು, ಮತ್ತೆ ಮೇಜಿನ ಮೇಲೆ ಫೋನು. ಈ ಸಲ ನಾನು ಎರಡನೇ ಚಹಾವನ್ನೂ ಕುಡಿದೆ. ವಾಪಸು ಬರುವಾಗ ಗಲ್ಲಿಯ ತಿರುವಿನಲ್ಲೇ ಯಂತ್ರದ ಟಕಟಕ ಕೇಳಿಸಿತು. ಭಾಯ್ ರಸ್ತೆಯಲ್ಲೇ ನಿಂತು ಎರಡೂ ಕೈ ಎತ್ತಿ ಏನೋ ಹೇಳಿಕೊಂಡರು. ನನ್ನ ಕಣ್ಣಲ್ಲಿ ನೀರು ಬಂತು.

ಪೊಟ್ಟಣವನ್ನು ಉಗ್ರಾಣಕ್ಕೆ ಕಳಿಸಿದೆ. ಮುಖ ನೋಡದ ಯಾರೋ ಒಬ್ಬರು ಯಾವುದೋ ದೇಶದಿಂದ ನನ್ನ ಚೀಟಿಯನ್ನು ಸಾಲು ಸಾಲಾಗಿ ಓದಿ, ವಿವರಣೆ ಉದ್ದವಾಯಿತು ಎಂದು ಕತ್ತರಿ ಹಾಕಿಸಿ, ಹೊಸ ಕಂಪ್ಯೂಟರಿನಲ್ಲಿ ಪರೀಕ್ಷಿಸಿದವರು ಯಾರು ಎಂದು ಕೇಳಿದರು. ಮೆಹರುನ್ ಹೆಸರು ಬರೆದೆ. ಭಾಯ್ ಹೊರಡುವ ಹಿಂದಿನ ವಾರ ಒಪ್ಪಿಗೆ ಸಿಕ್ಕಿತು.

ಆಮೇಲೆ ಫೋನ್ ಬರಲಿಲ್ಲ. ಒಂದು ವಾರವಾಯಿತು, ಎರಡು ವಾರವಾಯಿತು. ನಡುವೆ ಕಂಪ್ಯೂಟರುಗಳಿಗೆ ದೊಡ್ಡ ನವೀಕರಣವೊಂದು ಬಂದುಹೋಯಿತು, ಆಗಲೂ ಬರಲಿಲ್ಲ. ತಡೆಯಲಾರದೆ ಬೀರುವಿನಿಂದ ಹಸಿರು ರೇಷ್ಮೆಯ ತುಂಡೊಂದನ್ನು ನೆವಕ್ಕೆ ಎತ್ತಿಕೊಂಡು ನಾನೇ ಹೋದೆ. ಬಟ್ಟೆಗಳ ರಾಶಿಯ ನಡುವೆ ಮೆಹರುನ್ ಸೂಜಿಗೆ ದಾರ ಪೋಣಿಸುತ್ತಿದ್ದಳು.

"ಏನೂ ಕೆಟ್ಟಿಲ್ಲಕ್ಕ. ಯಾಕ ಬಂದ್ರಿ?" ಎಂದಳು. ನನ್ನ ಮುಖ ನೋಡಿ ಏನು ತಿಳಿಯಿತೋ, ದಾರ ಕೆಳಗಿಟ್ಟು, "ಕೂಡ್ರಿ, ಚಾ ಇಡ್ತೀನಿ," ಎಂದು ಎದ್ದಳು.

ಆ ಹಸಿರು ಬಟ್ಟೆಗೆ ನವಿಲನ್ನು ಬರೆದದ್ದು ಅವಳೇ. ಅದು ಅವಳ ಮೊದಲ ಸ್ವಂತ ಡಿಸೈನ್. ಬರೆದು ಮುಗಿಸಿ ಚೀಟಿಯನ್ನೂ ಬರೆಯತೊಡಗಿದಳು.

"ನೀನೊಬ್ಳೇ ಇದೀಯಲ್ಲೇ, ಚೀಟಿ ಯಾರಿಗೆ?"

"ನಾಳೆ ನಂಗೇ ಮರೆತ್ರೆ ಹೆಂಗೆ?"

ಭಾಯ್ ತಾಯಿಯನ್ನು ಕರೆದುಕೊಂಡು ಸುಖವಾಗಿ ಬಂದರು. ಖರ್ಜೂರ ಕೊಡುತ್ತ, "ಮೇಡಂ, ಅಲ್ಲಿ ಒಂದ್ಸಲನೂ ಅಂಗಡಿ ನೆನಪಾಗ್ಲಿಲ್ಲ," ಎಂದರು. "ನಾನೂ ನೆನಪಾಗ್ಲಿಲ್ಲೇನು?" ಎಂದು ಒಳಗಿನಿಂದ ಮೆಹರುನ್ ದನಿ ಬಂತು. ಭಾಯ್ ನನ್ನ ಕಡೆ ನೋಡಿದರು. ಅದಕ್ಕೆ ನನ್ನ ಹತ್ತಿರವೂ ಯಾವ ಪೊಟ್ಟಣ ಇರಲಿಲ್ಲ.

ಇಷ್ಟೆಲ್ಲ ನೆನೆಯುತ್ತ ಬೀರುವಿನ ಮುಂದೆ ಕೂತವಳಿಗೆ ಅಡುಗೆಮನೆಯ ನೆನಪಾಯಿತು. ನಾನು ಎಲ್ಲಿಗೇ ಹೋದರೂ ನಮ್ಮ ಮನೆಯವರು ದಿನಕ್ಕೆ ಐದು ಸಲ ಫೋನ್ ಮಾಡುತ್ತಾರೆ. ಸಾಸಿವೆ ಎಲ್ಲೈತೆ, ಹಾಲು ಎಷ್ಟು ಹಾಕ್ಲಿ. ನಾನು ಹಣೆ ಚಚ್ಚಿಕೊಂಡು ಎಲ್ಲರೆದುರಿಗೂ ಬೈದುಕೊಳ್ಳುತ್ತೇನೆ, ಒಳಗೊಳಗೇ ಹಿಗ್ಗುತ್ತೇನೆ. ಈ ಸಲ ಒಂದು ಹಾಳೆ ತೆಗೆದುಕೊಂಡು ಮೊದಲಿಗೆ ಚಹಾದ ಚೀಟಿ ಬರೆದೆ. ನೀರು, ಪುಡಿ, ಸಕ್ಕರೆ, ಹಾಲು, ಎಷ್ಟು ಕುದಿ, ಯಾವ ಡಬ್ಬಿ ಎಲ್ಲಿದೆ, ಲೈಟರ್ ಎಲ್ಲಿ ನೇತುಹಾಕಿದೆ. ಅವರ ಕೈಗೆ ಕೊಟ್ಟು, ಫೋನನ್ನು ಊಟದ ಮೇಜಿನ ಮೇಲಿಟ್ಟು, ಹೊರಗೆ ಜಗಲಿಯ ಮೇಲೆ ಹೋಗಿ ಕೂತೆ. ಒಳಗೆ ಡಬ್ಬಿಗಳು ಸದ್ದು ಮಾಡಿದವು. ಒಮ್ಮೆ ನನ್ನ ಹೆಸರು ಹಿಡಿದು ಕರೆದರು. ನಾನು ಓಗೊಡಲಿಲ್ಲ.

ಸ್ವಲ್ಪ ಹೊತ್ತಿಗೆ ಎರಡು ಲೋಟ ಹಿಡಿದು ಬಂದರು. ಬಣ್ಣ ಸರಿಯಾಗಿತ್ತು, ಪರಿಮಳ ಚೆನ್ನಾಗಿತ್ತು. ಮೇಲೆ ಚಹಾಪುಡಿ ದಪ್ಪಗೆ ತೇಲುತ್ತಿತ್ತು.

"ಏನ್ರೀ ಇದು?"

"ಸೋಸು ಅಂತ ಚೀಟೀಲಿ ಬರೆದಿಲ್ಲ ನೀನು," ಎಂದರು. ಬೇಕಂತಲೇ ಮಾಡಿದರೋ, ನಿಜಕ್ಕೂ ಹೊಳೆಯಲಿಲ್ಲವೋ, ಇಷ್ಟು ವರ್ಷ ಜೊತೆಗಿದ್ದೂ ಆ ಮುಖ ಓದಲು ನನಗೆ ಬರುವುದಿಲ್ಲ. "ಕೇಳಾಣ ಅಂತ ಫೋನ್ ಮಾಡಿದೆ. ಒಳಗೇ ರಿಂಗಾಯ್ತು."

ಸೋಸಣಿಗೆ ತರಲು ಕಾಲು ತಾನಾಗಿಯೇ ಅಡುಗೆಮನೆಯ ಕಡೆ ಹೊರಟಿತು. ಕೈ ಮೇಲೆ ಇನ್ನೊಂದು ಕೈ ಮೆತ್ತಗೆ ಬಂದು ಕೂತ ಹಾಗಾಯಿತು. ತಿರುಗಿ ಬಂದು ಕೂತೆ. ಪುಡಿಯನ್ನು ಹಲ್ಲಿನಲ್ಲೇ ತಡೆದುಕೊಂಡು ಲೋಟ ಪೂರ್ತಿ ಖಾಲಿ ಮಾಡಿದೆ.

"ಆ ಪೆನ್ನು ಕೊಡ್ರಿ ಇಲ್ಲಿ," ಎಂದೆ.