ಎರಡು ಮುಷ್ಟಿ ಉಪ್ಪು

ಕಳೆದ ವಾರ ನನ್ನ ಮೇಜಿನ ಮೇಲೆ ಒಂದು ಪ್ಯಾಕೆಟ್ ಬಂದು ಕೂತಿತ್ತು. ಹಸಿರು ಬಣ್ಣ, ಮೂಲೆಯಲ್ಲೊಂದು ಎಲೆ, ಎಲೆಯ ಪಕ್ಕ ಓಡುತ್ತಿರುವ ಒಬ್ಬ ಮನುಷ್ಯ. ಕೋಡುಬಳೆ ತಿಂದವನು ಯಾಕೆ ಓಡುತ್ತಾನೆ ಎಂದು ಕೇಳಬೇಡಿ. ಅವನನ್ನು ಅಲ್ಲಿ ಓಡಿಸಿದವನು ನಾನೇ. ಕರಿಯುವ ತಿಂಡಿಗಳನ್ನು ಕರಿಯದೆ ಮಾಡುವ ಶಿವಮೊಗ್ಗದ ಒಂದು ಪುಟ್ಟ ಕಂಪನಿಯಲ್ಲಿ, ಪ್ಯಾಕೆಟ್ಟಿನ ಮೇಲೆ ಏನು ಬರೆಯಬೇಕು ಎಂದು ಯೋಚಿಸುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ನಮ್ಮ ಹೊಸ ಸಾಹಸ, ಬೇಕ್ ಮಾಡಿದ, ಉಪ್ಪು ಕಡಿಮೆಯಿರುವ ಕೋಡುಬಳೆ. ರುಚಿ ನೋಡಿ ನಾಲ್ಕು ಸಾಲು ಬರೆಯೋಣವೆಂದು ಅದನ್ನು ರವೀಂದ್ರನಗರದ ನನ್ನ ರೂಮಿಗೆ ತಂದೆ. ಕತ್ತರಿ ಸಿಗಲಿಲ್ಲ. ಹಲ್ಲಿನಿಂದ ಹರಿದೆ. ಇಂಗು ಮತ್ತು ಒಣಕೊಬ್ಬರಿಯ ವಾಸನೆ ಒಮ್ಮೆಲೇ ಮುಖಕ್ಕೆ ಹೊಡೆಯಿತು... ಸಾಲು ಬರೆಯುವುದು ಅಲ್ಲಿಗೇ ನಿಂತಿತು. ಭದ್ರಾವತಿಯ ನ್ಯೂ ಟೌನಿನ ಮಾಮ ನೆನಪಾದರು.

ಅವರು ನನಗೆ ಯಾವ ದಿಕ್ಕಿನಿಂದಲೂ ಮಾಮ ಅಲ್ಲ. ನಮ್ಮ ಮನೆಯ ಸಾಲಿನಲ್ಲಿ ಕೊನೆಯ ಮನೆಯವರು, ಅಷ್ಟೇ. ಅವರ ಅಪ್ಪ ಕಾರ್ಖಾನೆಯ ಕೆಲಸಕ್ಕೆಂದು ತಮಿಳು ಸೀಮೆಯಿಂದ ಬಂದವರು. ಮಾಮ ಹುಟ್ಟಿದ್ದು, ಓದಿದ್ದು, ಓದು ಬಿಟ್ಟಿದ್ದು, ಕುಲುಮೆಯ ಮುಂದೆ ಬೆಂದು ರಿಟೈರ್ ಆದದ್ದು ಎಲ್ಲವೂ ಭದ್ರಾವತಿಯಲ್ಲೇ. ಆದರೂ ಸಿಟ್ಟು ಬಂದಾಗ ಮತ್ತು ಅಕ್ಕರೆ ಬಂದಾಗ ಅವರ ಮಾತಿನೊಳಗೆ ತಮಿಳು ನುಗ್ಗುತ್ತಿತ್ತು. ನನ್ನ ಮೇಲೆ ಎರಡೂ ಒಟ್ಟಿಗೇ ಬರುತ್ತಿದ್ದುದರಿಂದ ನಾನು ಬೇಗ ತಮಿಳು ಕಲಿತೆ.

ಅವರ ಮನೆಯ ವರಾಂಡದಲ್ಲಿ ಒಂದು ಕೋಡುಬಳೆ ಅಂಗಡಿಯಿತ್ತು. ಶುರು ಮಾಡಿದ್ದು ಅವರ ಹೆಂಡತಿ. ಶಿಫ್ಟ್ ಬಿಟ್ಟು ಬರುವವರು ಬೆವರಿನಲ್ಲಿ ಮಿಂದು, ಅಂಗಿಯ ಬೆನ್ನಿನ ಮೇಲೆ ಉಪ್ಪಿನ ಬಿಳಿ ಗೆರೆ ಮೂಡಿಸಿಕೊಂಡು ಬರುತ್ತಿದ್ದರಂತೆ. ಅವರ ಬಾಯಿಗೆ ಉಪ್ಪೇ ಬೇಕು. ಅದನ್ನು ನೋಡಿಯೇ ಆಕೆ ಒಂದು ಅಳತೆ ಕಟ್ಟಿಕೊಂಡಿದ್ದರು. ದೊಡ್ಡ ಡಬರಿ ತುಂಬ ಹಿಟ್ಟಿಗೆ ಎರಡು ಮುಷ್ಟಿ ಉಪ್ಪು. ಆಕೆ ತೀರಿಕೊಂಡ ಮೇಲೆ, ಅದೇ ಹೊತ್ತಿಗೆ ರಿಟೈರ್ ಆಗಿದ್ದ ಮಾಮ ಬಾಣಲೆಯ ಮುಂದೆ ಕೂತರು. ಅಷ್ಟು ಹೊತ್ತಿಗೆ ಗಿರಾಕಿಗಳೂ ರಿಟೈರ್ ಆಗಿದ್ದರು. ಬೆಂಚು ಅದೇ, ಜನ ಅವರೇ. ಬೆವರು ಮಾತ್ರ ನಿಂತು, ಅದರ ಜಾಗಕ್ಕೆ ಬಿಪಿ ಮಾತ್ರೆ ಬಂದಿತ್ತು. ಮಾತ್ರೆಯನ್ನು ಅವರು ಕೋಡುಬಳೆ ತಿಂದ ಮೇಲೆ ನುಂಗುತ್ತಿದ್ದರು. ಊಟವಾದ ಮೇಲೆ ತಗೋಬೇಕು ಎಂದು ಡಾಕ್ಟರು ಹೇಳಿದ್ದರಲ್ಲ.

ಬೆಂಚಿನ ತುದಿಯ ಜಾಗ ಕ್ರೇನ್ ಅಂಕಲ್‌ಗೆ ಮೀಸಲು. ಅವರು ಕಾರ್ಖಾನೆಯಲ್ಲಿ ಕ್ರೇನ್ ಓಡಿಸುತ್ತಿದ್ದವರು. ಮೇಲೆ ಅವರು ಕರಗಿದ ಲೋಹದ ತೊಟ್ಟಿ ತೂಗಿಸಿಕೊಂಡು ಹೋದರೆ ಕೆಳಗೆ ಮಾಮ ನಿಂತಿರುತ್ತಿದ್ದರು. “ಇವನು ಒಂದು ಸಲ ಸೀನಿದ್ದಿದ್ರೂ ನಾನು ಇವತ್ತು ಬೂದಿ” ಎಂದು ಮಾಮ ಹೇಳಿ ನಗುತ್ತಿದ್ದರು. “ಸೀನು ಬಂದಿತ್ತು. ತಡ್ಕೊಂಡೆ. ಇವನು ಸತ್ರೆ ಕೋಡುಬಳೆ ಯಾರು ಕೊಡ್ತಾರೆ” ಎಂದು ಕ್ರೇನ್ ಅಂಕಲ್ ಬೆಂಚಿನಿಂದಲೇ ಸೇರಿಸುತ್ತಿದ್ದರು. ಇಷ್ಟು ಸಲುಗೆಯವರು.

ಒಂದು ಬೆಳಿಗ್ಗೆ ಕ್ರೇನ್ ಅಂಕಲ್ ಹೆಂಡತಿ ಒಬ್ಬರೇ ಬಂದರು. ನಾನು ಕಾಲೇಜಿಗೆ ಹೋಗದಿರಲು ಕಾರಣ ಹುಡುಕುತ್ತಾ ಅಲ್ಲೇ ಕೂತಿದ್ದೆ.

“ಅಣ್ಣ, ನಿಮ್ಮ ಫ್ರೆಂಡಿನ ಕಾಲು ನೋಡಿದೀರಾ? ಊದಿ ಕಂಬ ಆಗಿದೆ. ಇನ್ನೊಂದು ಸಲ ಹಿಂಗೇ ಬಂದ್ರೆ ಕಷ್ಟ ಅಂದ್ರು ಡಾಕ್ಟ್ರು. ನಾನು ಮನೇಲಿ ಸಪ್ಪೆ ಸಾರು ಮಾಡಿ ಬಡಿಸ್ತೀನಿ, ಇವ್ರು ಇಲ್ಲಿ ಬಂದು ವಸೂಲಿ ಮಾಡ್ಕೊಂಡು ಹೋಗ್ತಾರೆ. ಕೊಡಬೇಡಿ ಅಣ್ಣ.”

ಮಾಮ ತಲೆಯಾಡಿಸಿದರು. ಆ ಸಂಜೆ ಕ್ರೇನ್ ಅಂಕಲ್ ಕೈ ಚಾಚಿದಾಗ ಡಬ್ಬಿಯ ಮುಚ್ಚಳ ತೆಗೆಯಲೇ ಇಲ್ಲ. ಕ್ರೇನ್ ಅಂಕಲ್ ಚಾಚಿದ ಕೈಯನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು, ಆಮೇಲೆ ಅದನ್ನೇ ಊರಿಕೊಂಡು ಎದ್ದು ಹೋದರು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಬಸ್ ಸ್ಟಾಪಿನ ಹತ್ತಿರ ಪ್ಯಾಕೆಟ್ಟಿನ ಮಸಾಲೆ ಕಡಲೆ ಮುಕ್ಕುತ್ತಿದ್ದುದನ್ನು ನೋಡಿದೆ ಎಂದು ನಾನು ಬಂದು ಚಾಡಿ ಹೇಳಿದೆ. ಮಾಮ ಬಾಣಲೆಯಲ್ಲಿದ್ದುದನ್ನು ಕಪ್ಪಾಗುವ ತನಕ ಮರೆತರು. ಅವರ ಕೈಯಲ್ಲಿ ತಿಂಡಿ ಸೀದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

“ಕೊಟ್ರೂ ಹೋಗ್ತಾನೆ, ಕೊಡದಿದ್ರೂ ಹೋಗ್ತಾನೆ. ಏನ್ ಮಾಡೋದು ಹೇಳು ತಂಬಿ” ಎಂದರು.

ಈ ಪ್ರಶ್ನೆಯನ್ನು ಅವರು ಗೋಡೆಗೆ ಕೇಳಿದ್ದರೂ ಆಗುತ್ತಿತ್ತು. ನನಗೆ ಕೇಳಿದ್ದೇ ತಪ್ಪಾಯಿತು. ನಾನು ಆಗ ಶಿವಮೊಗ್ಗದಲ್ಲಿ ಆಹಾರ ತಂತ್ರಜ್ಞಾನ ಓದುತ್ತಿದ್ದೆ. ಓದುತ್ತಿದ್ದೆ ಎನ್ನುವುದು ಮರ್ಯಾದೆಯ ಮಾತು. ಪಾಸಾದ ವಿಷಯಗಳಿಗಿಂತ ಬಾಕಿ ಉಳಿದವೇ ಹೆಚ್ಚಿದ್ದವು. ಆದರೆ ಆತ್ಮವಿಶ್ವಾಸದಲ್ಲಿ ನಾನು ಯಾವಾಗಲೂ ಫಸ್ಟ್ ಕ್ಲಾಸ್. ಎಣ್ಣೆಯೂ ಬೇಡ, ಉಪ್ಪೂ ಬೇಡ, ನಾನು ಮಾಡಿ ತೋರಿಸುತ್ತೇನೆ ಎಂದೆ.

ಶಿವಮೊಗ್ಗದ ಚಿಕ್ಕಮ್ಮನ ಮನೆಯಿಂದ ಏರ್ ಫ್ರೈಯರ್ ಕೇಳಿ ತಂದೆ. ಬಸ್ಸಿನಲ್ಲಿ ಅದನ್ನು ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡಿದ್ದೆ. ಕಂಡಕ್ಟರ್ ಅದಕ್ಕೂ ಟಿಕೆಟ್ ತಗೋ ಎಂದ. ಮನೆಯಲ್ಲಿ ಪ್ಲಗ್ ಚುಚ್ಚಿದ ಕೂಡಲೇ ನಮ್ಮ ಮನೆ, ಪಕ್ಕದ ಮನೆ, ಅದರ ಪಕ್ಕದ ಮನೆಯ ಕರೆಂಟು ಹೋಯಿತು. ಅಮ್ಮನ ಪ್ರಕಾರ ಅರ್ಧ ಭದ್ರಾವತಿಯದು ಹೋಯಿತು. ಕೊನೆಗೂ ಓಟ್ಸ್ ಕೋಡುಬಳೆ ಹೊರಬಂತು. ಮಾಮ ಒಂದನ್ನು ತೆಗೆದು ಬೆಂಚಿಗೆ ಬಡಿದು ಕಿವಿಗೊಟ್ಟು ಕೇಳಿದರು.

“ಗಟ್ಟಿ ಮಾಲು. ಫ್ಯಾಕ್ಟರಿಗೆ ಕಳಿಸು, ಮಾರಾಯ. ನಮ್ಮ ಕಾಲದಲ್ಲಿ ಇಷ್ಟು ಚೆನ್ನಾಗಿ ಬರ್ತಿರ್ಲಿಲ್ಲ.”

ಬೀದಿನಾಯಿಯೊಂದು ಅದನ್ನು ಕಚ್ಚಿಕೊಂಡು ಹೋಗಿ ಮಣ್ಣಿನಲ್ಲಿ ಹೂತಿಟ್ಟಿತು. ಮೂಳೆ ಎಂದು ತಿಳಿದಿರಬೇಕು. ಆಮೇಲೆ ಸಿರಿಧಾನ್ಯದ್ದು ಮಾಡಿದೆ, ಉಪ್ಪೇ ಇಲ್ಲದೆ. ಅದನ್ನು ಬಾಯಿಗಿಟ್ಟರೆ ನಾಲಗೆಗೆ ಸುದ್ದಿಯೇ ಮುಟ್ಟುತ್ತಿರಲಿಲ್ಲ, ಹಲ್ಲು ಮಾತ್ರ ದುಡಿಯುತ್ತಿತ್ತು. ಹೀಗೆ ನಾನು ವಿಜ್ಞಾನವನ್ನು ಮುಂದಕ್ಕೆ ತಳ್ಳುತ್ತಿದ್ದಾಗ ಕ್ರೇನ್ ಅಂಕಲ್ ಬಸ್ ಸ್ಟಾಪಿನಲ್ಲಿ ಕಡಲೆ ತಿನ್ನುತ್ತಲೇ ಇದ್ದರು.

ಕೊನೆಗೆ ಸೋತು, “ನೀವು ಮಾಡೋದ್ರಲ್ಲೇ ಉಪ್ಪು ಸ್ವಲ್ಪ ಕಡಿಮೆ ಹಾಕಿ ಮಾಮ” ಎಂದೆ.

ಅವರ ಮುಖ ಬಿಗಿಯಿತು. “ಎರಡು ಮುಷ್ಟಿ ಅಂತ ಅವಳು ಹೇಳಿದ್ದು. ಅದನ್ನ ಕಡಿಮೆ ಮಾಡೋಕೆ ನಾನ್ಯಾರು?”

ಹೆಂಡತಿಯ ಮಾತು ಬಂದಾಗ ಅವರ ಹತ್ತಿರ ತಮಾಷೆ ಮಾಡುವಂತಿರಲಿಲ್ಲ. ಬಿಸಿನೀರಿಗೆ ಉಪ್ಪು ಹಾಕಲು ಅವರು ಡಬ್ಬಿಗೆ ಕೈ ಹಾಕಿದರು. ಮುಷ್ಟಿ ಮೇಲೆ ಬಂತು. ಆ ಕೈಯನ್ನು ಎಷ್ಟೋ ವರ್ಷ ನೋಡಿದ್ದೆ, ಆದರೆ ಅಳತೆಯಾಗಿ ನೋಡಿದ್ದು ಅವತ್ತೇ. ಕಬ್ಬಿಣದ ಸಲಾಕೆ ಹಿಡಿದು ಹಿಡಿದು ಸುಲಿದ ತೆಂಗಿನಕಾಯಿಯ ಗಾತ್ರಕ್ಕೆ ಬೆಳೆದ ಮುಷ್ಟಿ. ಅವರೂ ಅದನ್ನೇ ನೋಡುತ್ತಿದ್ದರು. ಯಾಕೋ ಉಪ್ಪನ್ನು ನೀರಿಗೆ ಬಿಡಲಿಲ್ಲ.

“ಎಲ್ಲಿ, ನಿನ್ ಕೈ ಕೊಡು.”

ಕೊಟ್ಟೆ. ಪೆನ್ನಿಗಿಂತ ಭಾರದ ವಸ್ತು ಎತ್ತದ, ಆ ಪೆನ್ನನ್ನೂ ಪರೀಕ್ಷೆಯಲ್ಲಿ ಸರಿಯಾಗಿ ಬಳಸದ ಕೈ ಅದು. ಮುಷ್ಟಿ ಕಟ್ಟಿಸಿದರು. ತಮ್ಮದನ್ನು ಪಕ್ಕಕ್ಕಿಟ್ಟರು. ನನ್ನದು ನಿಂಬೆಹಣ್ಣಿನ ಹಾಗೆ ಕಂಡಿತು.

“ಅವಳ ಕೈ ಹಿಂಗೇ ಇತ್ತು” ಎಂದರು. ತಮ್ಮ ಮುಷ್ಟಿಯಲ್ಲಿದ್ದ ಉಪ್ಪನ್ನು ಮತ್ತೆ ಡಬ್ಬಿಗೇ ಸುರಿದರು.

ಇಷ್ಟು ವರ್ಷ ಅವರು ಆಕೆಯ ಮಾತನ್ನು ತಪ್ಪದೆ ಪಾಲಿಸಿದ್ದರು, ತಮ್ಮ ಕೈಯಲ್ಲಿ. ಉಪ್ಪು ಹೀಗೆ ಏರಿದ್ದು ಬೆಂಚಿನವರಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ಏರಿದ್ದು ತಿಳಿಯದವರಿಗೆ ಇಳಿದದ್ದು ಮಾತ್ರ ಯಾಕೆ ತಿಳಿಯುತ್ತದೆ? ಮಾಮ ನಾಳೆಯಿಂದ ಹಿಟ್ಟು ಕಲೆಸುವ ಹೊತ್ತಿಗೆ ಬಾ ಎಂದರು. ಮೊದಮೊದಲು ಅವರದೊಂದು ಮುಷ್ಟಿ, ನನ್ನದೊಂದು. ಕೆಲವು ವಾರ ಕಳೆದ ಮೇಲೆ ಎರಡೂ ನನ್ನದೇ. ಆಮೇಲಾಮೇಲೆ ಬೆರಳುಗಳನ್ನು ಇನ್ನೂ ಬಿಗಿ ಹಿಡಿ ಎನ್ನುತ್ತಿದ್ದರು. ಏನೂ ಕೆಲಸ ಮಾಡದ ಕೈಗೆ ಊರಿನಲ್ಲಿ ಸಿಕ್ಕ ಮೊದಲ ಉದ್ಯೋಗ ಅದು.

ಕ್ರೇನ್ ಅಂಕಲ್‌ನನ್ನು ಕರೆತರಲು ನನ್ನನ್ನೇ ಕಳಿಸಿದರು.

“ಮಾಮ ಬರ್ಬೇಕಂತೆ.”

“ಯಾಕಂತೆ? ತಿನ್ನೋರನ್ನ ನೋಡ್ಕೊಂಡು ಕೂರೋಕಾ?”

“ಕೊಡ್ತಾರಂತೆ.”

ಅವರು ಕಡಲೆ ಪ್ಯಾಕೆಟ್ಟನ್ನು ಅಲ್ಲೇ ಬಿಟ್ಟು ಎದ್ದರು. ಆ ಊದಿದ ಕಾಲಿನಲ್ಲಿ ಅಷ್ಟು ಜೋರಾಗಿ ನಡೆಯಬಹುದೆಂದು ನಾನು ಅಂದುಕೊಂಡಿರಲಿಲ್ಲ. ದಿನಕ್ಕೆ ಒಂದೇ ಒಂದು ಎಂದು ಮಾಮ ಅಂಕಲ್ ಹೆಂಡತಿಯ ಹತ್ತಿರ ಮೊದಲೇ ಒಪ್ಪಂದ ಮಾಡಿಕೊಂಡಿದ್ದರು. ಅಂಕಲ್ ತಿಂದರು, ಬೆರಳು ನೆಕ್ಕಿದರು, ಉಪ್ಪಿನ ಮಾತೇ ಎತ್ತಲಿಲ್ಲ. ಮಾಮ ಬಾಣಲೆಯ ಕಡೆ ತಿರುಗಿ ಕೂತಿದ್ದರು. ಅವರ ಭುಜ ಇಳಿದದ್ದು ನನಗೆ ಮಾತ್ರ ಕಂಡಿತು.

ಕಥೆ ಇಲ್ಲಿಗೇ ಸುಖವಾಗಿ ಮುಗಿಯಬೇಕಿತ್ತು. ಆದರೆ ನಾನಿದ್ದೆನಲ್ಲ. ಇಷ್ಟು ದೊಡ್ಡ ಸಾಧನೆ ಜಗತ್ತಿಗೆ ತಿಳಿಯದೆ ಹೋಗುವುದು ನನಗೆ ಸಹಿಸಲಾಗಲಿಲ್ಲ. ಮಾಮ ಮಾರ್ಕೆಟ್ಟಿಗೆ ಹೋಗಿದ್ದಾಗ ಒಂದು ರಟ್ಟಿನ ಮೇಲೆ ಕೆಂಪು ಬಣ್ಣದಲ್ಲಿ ‘ಇಲ್ಲಿ ಉಪ್ಪು ಕಡಿಮೆ, ಹೃದಯಕ್ಕೆ ಹಿತ’ ಎಂದು ಬರೆದು ವರಾಂಡಕ್ಕೆ ನೇತುಹಾಕಿದೆ. ಪಕ್ಕದಲ್ಲೊಂದು ಹೃದಯ ಬಿಡಿಸಿದ್ದೆ. ಅದು ಬದನೆಕಾಯಿಯ ಹಾಗೆ ಬಂದಿತ್ತು. ರೀಲ್ ಕೂಡ ಮಾಡಿದೆ. ನೋಡಿದವರಲ್ಲಿ ಹೆಚ್ಚಿನವರು ನನ್ನ ಬಂಧುಗಳು.

ಆ ಸಂಜೆ ಬೆಂಚಿನವರು ಬೋರ್ಡು ಓದಿದರು. ಹಿಂದಿನ ದಿನ ತಿಂದ ಅದೇ ಡಬ್ಬಿಯ ಕೋಡುಬಳೆಯನ್ನು ಕಚ್ಚಿದರು. ಒಬ್ಬೊಬ್ಬರ ಮುಖವೂ ಸಪ್ಪಗಾಯಿತು.

“ಏನೋ ಇದು, ಆಸ್ಪತ್ರೆ ಊಟ ಇದ್ದಂಗಿದೆ” ಎಂದರು ಒಬ್ಬರು.

“ನಂಗೆ ನಿನ್ನೆನೇ ಡೌಟ್ ಬಂದಿತ್ತು” ಎಂದರು ನಿನ್ನೆ ಮೂರು ತಿಂದಿದ್ದ ಇನ್ನೊಬ್ಬರು.

ಕ್ರೇನ್ ಅಂಕಲ್ ಅರ್ಧ ತಿಂದದ್ದನ್ನು ಬೆಂಚಿನ ಮೇಲಿಟ್ಟು, “ನಮ್ಮಾಕೆ ಹೇಳಿ ಮಾಡಿಸಿದ್ದಾ? ಇದಕ್ಕಿಂತ ಆ ಕಡಲೆನೇ ವಾಸಿ” ಎಂದು ಚಪ್ಪಲಿ ಹುಡುಕಲು ಶುರು ಮಾಡಿದರು.

ಮಾಮ ನನ್ನನ್ನು ನೋಡಿದರು. ಆ ನೋಟದಲ್ಲಿ ಬಂದ ತಮಿಳನ್ನು ಇಲ್ಲಿ ಬರೆಯುವಂತಿಲ್ಲ. ಎದ್ದು, ಬೋರ್ಡನ್ನು ಕಿತ್ತು, ಎಲ್ಲರೆದುರು ಎರಡಾಗಿ ಮುರಿದರು. “ಈ ಪಯ್ಯನ ಮಾತು ಕೇಳಿ ಕೆಟ್ಟೆ. ತಾಳಿ, ಹಳೇ ಅಳತೆದು ಬೇರೆ ಡಬ್ಬಿಯಲ್ಲಿದೆ” ಎಂದು ಡಬ್ಬಿ ಎತ್ತಿಕೊಂಡು ಒಳಗೆ ಹೋದರು. ಒಳಗಿನಿಂದ ಪಾತ್ರೆ ಸದ್ದು, ಮುಚ್ಚಳದ ಸದ್ದು, ಮತ್ತೆ ಪಾತ್ರೆ ಸದ್ದು. ಆ ಮನೆಯಲ್ಲಿ ಬೇರೆ ಡಬ್ಬಿ ಇರಲೇ ಇಲ್ಲ ಎಂದು ನನಗೆ ಗೊತ್ತಿತ್ತು. ಹೊರಗೆ ಬಂದವರು ಅವೇ ಕೋಡುಬಳೆಗಳನ್ನು ತಟ್ಟೆಯಲ್ಲಿ ಹಾಕಿ ಕ್ರೇನ್ ಅಂಕಲ್‌ನ ಮುಂದೆ ಹಿಡಿದರು.

ಅಂಕಲ್ ಕಚ್ಚಿದರು. ಅಗಿದರು. ಮಾಮ ತಟ್ಟೆ ಹಿಡಿದೇ ನಿಂತಿದ್ದರು.

“ಹಾಂ, ಈಗ ಬಂತು ನೋಡು ದಾರಿಗೆ” ಎಂದು ಅಂಕಲ್ ಚಪ್ಪಲಿ ಬಿಟ್ಟು ಕೂತರು.

ಮಾಮ ನನ್ನ ಕಡೆ ತಿರುಗಲೇ ಇಲ್ಲ. ತಿರುಗಿದ್ದರೆ ನಾನು ನಕ್ಕು ಮತ್ತೊಮ್ಮೆ ಎಲ್ಲ ಹಾಳು ಮಾಡುತ್ತಿದ್ದೆ. ಎಲ್ಲರೂ ಹೋದ ಮೇಲೆ ನನ್ನ ಕಿವಿ ಹಿಂಡಿ, “ವಾಯ ಮೂಡು” ಎಂದರು. ಬಾಯಿ ಮುಚ್ಚು ಎಂದು. ಕಿವಿ ಬಿಡುವ ಮೊದಲು ಎರಡು ಕೋಡುಬಳೆ ಕೈಗಿಟ್ಟರು.

ಅದಾದ ಮೇಲೆ ಬಹಳ ಕಾಲ ಹಾಗೇ ನಡೆಯಿತು. ಅಂಕಲ್ ಕಾಲಿನ ಊತ ಇಳಿಯಿತು. ಮಾತ್ರೆಯಿಂದಲೋ, ಸಪ್ಪೆ ಸಾರಿನಿಂದಲೋ, ನನ್ನ ಮುಷ್ಟಿಯಿಂದಲೋ, ಯಾರಿಗೆ ಗೊತ್ತು. ಮಾಮ ಮಾತ್ರ ಪ್ರತಿ ಸಂಜೆ ಮೊದಲು ಆ ಕಾಲುಗಳ ಕಡೆ ನೋಡಿ, ಆಮೇಲೆ ಮುಖ ನೋಡಿ, ಆಮೇಲೆ ತಟ್ಟೆ ಕೊಡುತ್ತಿದ್ದರು. ನಾನು ಬಾಕಿ ವಿಷಯಗಳನ್ನು ಹೇಗೋ ಮುಗಿಸಿ ಶಿವಮೊಗ್ಗದಲ್ಲಿ ಕೆಲಸಕ್ಕೆ ಸೇರಿದೆ. ಹೋಗುವಾಗ, ಅಳತೆಗೆ ಏನು ಮಾಡುತ್ತೀರಿ ಎಂದು ಕೇಳಿದೆ. ತಮ್ಮ ಮುಷ್ಟಿಯನ್ನು ಅರ್ಧ ಬಿಡಿಸಿ ತೋರಿಸಿದರು. ಕಲಿತುಬಿಟ್ಟಿದ್ದರು.

ಎರಡು ವರ್ಷದ ಹಿಂದೆ ಅವರಿಗೆ ಜ್ವರ ಬಂತು. ಎದೆಗಿಳಿಯಿತು. ನಾನು ಶನಿವಾರ ಬಂದು ನೋಡೋಣ ಅಂದುಕೊಂಡೆ, ಅವರು ಗುರುವಾರವೇ... ಬೆಂಚಿನವರೆಲ್ಲ ಗಟ್ಟಿಯಾಗಿದ್ದರು, ಹೊತ್ತವರು ಅವರೇ. ಕ್ರೇನ್ ಅಂಕಲ್ ತಮ್ಮ ಕಾಲಿನ ಮೇಲೆ ನಡೆದೇ ಸ್ಮಶಾನದ ತನಕ ಬಂದರು. ಆ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ವರಾಂಡಕ್ಕೆ ಗ್ರಿಲ್ ಹಾಕಿ ಸ್ಕೂಟರ್ ನಿಲ್ಲಿಸಿದ್ದಾರೆ.

ಮೊನ್ನೆ ಭಾನುವಾರ ನ್ಯೂ ಟೌನಿಗೆ ಹೋಗಿದ್ದೆ. ಕ್ರೇನ್ ಅಂಕಲ್ ಒಂದು ಟೀ ಅಂಗಡಿಯ ಮುಂದೆ ಕೂತಿದ್ದರು. ನನ್ನನ್ನು ನೋಡಿ ಟೀ ಹೇಳಿದರು, ಜೊತೆಗೆ ಒಂದು ತಟ್ಟೆ ಕೋಡುಬಳೆ. ಒಂದನ್ನು ಕಚ್ಚಿ ಮುಖ ಕಿವುಚಿಕೊಂಡು ಹಾಗೇ ಕೆಳಗಿಟ್ಟರು.

“ಮೂಟೆ ಉಪ್ಪು ಸುರೀತಾರೆ ಮಾರಾಯ. ಯಾವ ಅಂಗಡಿಗೆ ಹೋದ್ರೂ ಇದೇ ಕತೆ. ತಿನ್ನೋಕೇ ಆಗಲ್ಲ. ನಿನ್ ಮಾಮ ಕೊನೇ ತನಕ ಹಳೇ ಅಳತೆ ಬಿಡ್ಲಿಲ್ಲ ನೋಡು. ಆ ರುಚಿ ಈಗಿನವರಿಗೆ ಬರಲ್ಲ ಕಣೋ.”

ಬಾಯಿ ತೆರೆದೆ. ಮಾಮ ಹಿಂಡಿದ್ದ ಕಿವಿ ನೆನಪಾಗಿ ಮುಚ್ಚಿಕೊಂಡೆ.

“ಹೌದು ಅಂಕಲ್, ಬರಲ್ಲ” ಎಂದೆ.

ಅವರು ತಟ್ಟೆಯನ್ನು ನನ್ನ ಕಡೆ ತಳ್ಳಿದರು. ಒಂದು ಕಚ್ಚಿದೆ. ನಿಜಕ್ಕೂ ಬಾಯಿಗಿಡಲಾಗದಷ್ಟು ಉಪ್ಪು. ಟೀ ಅಂಗಡಿಯವನು ಹೆಚ್ಚೇನೂ ಹಾಕಿರಲಿಲ್ಲ, ಸುತ್ತ ಕೂತವರೆಲ್ಲ ಚಪ್ಪರಿಸಿ ತಿನ್ನುತ್ತಿದ್ದರು. ನಮ್ಮಿಬ್ಬರಿಗೆ ಮಾತ್ರ ಆಗುತ್ತಿರಲಿಲ್ಲ. ಬೆಂಚಿನವರ ನಾಲಗೆಯನ್ನು ಬದಲಿಸಲು ಮಾಮನಿಗೆ ನನ್ನ ಮುಷ್ಟಿ ಕೊಟ್ಟೆ ಎಂದು ಇಷ್ಟು ವರ್ಷ ಬೀಗುತ್ತಿದ್ದೆ. ಅಲ್ಲೇ ಕೂತು ತಿನ್ನುತ್ತಿದ್ದ ನನ್ನ ನಾಲಗೆಯನ್ನೂ ಮಾಮ ಸದ್ದಿಲ್ಲದೆ ಬದಲಿಸಿದ್ದರು. ಇದನ್ನು ಹೇಳಿಕೊಂಡು ನಗಲು ನನಗೆ ಇದ್ದವರು ಅವರೊಬ್ಬರೇ.